ಅರ್ಧಕ್ಕೆ ಎದ್ದುಹೋದವಳು

ಅಡಿಲೇಡಿನ ಕ್ಲಿನಿಕ್ಕಿನವರು ಕೊಟ್ಟ ಕಡತ
ಇನ್ನೂ ಕಾರಿನ ಹಿಂದಿನ ಸೀಟಿನಲ್ಲೇ ಇತ್ತು.
ತುಂಬ ಅಂಕಿಗಳು: ಸೇರಿದ ದಿನವೇ ಇಷ್ಟು ಡಾಲರು,
ವಾರಕ್ಕೆ ಇಷ್ಟು ರೋಗಿಗಳು, ಮೀರಿದರೆ ಮತ್ತಿಷ್ಟು.
ಮೊದಲ ತಿಂಗಳು ನನ್ನ ಪಕ್ಕ ಯಾರಿರುತ್ತಾರೆ, ಕೇಳಿದ್ದೆ.
ನಕ್ಕಿದ್ದ, ಒಳ್ಳೆಯವನೇ:
"ಎಲ್ಲಕ್ಕೂ ವಿಡಿಯೋ ಇದೆ, ಮಾರ್ನಿ. ರಾತ್ರಿ ಎರಡಕ್ಕೂ ನೋಡಬಹುದು."

ರಾತ್ರಿ ಎರಡಕ್ಕೆ ಅದನ್ನು ನೋಡುತ್ತ ಕೂತ ನನ್ನನ್ನೇ
ಮುನ್ನೂರು ಕಿಲೋಮೀಟರು ನೋಡುತ್ತ ಬಂದೆ,
ಗೋಧಿ ಹೊಲ ಮುಗಿದು ಉಪ್ಪುಪೊದೆ ಶುರುವಾಗುವ ತನಕ.

ಪೋರ್ಟ್ ಆಗಸ್ಟಾ. ಆಸ್ಪತ್ರೆಯ ಹಿಂಬದಿ ಕೋಣೆ.
ಹಿಡಿ ಮುರಿದ ಕಪ್ಪಿನಲ್ಲಿ ಪೆನ್ನುಗಳು.
ಗ್ಲೆನಿಸ್ ಪೆಂಗೆಲಿ, ಮೂವತ್ತು ವರ್ಷದಿಂದ
ಊರವರ ಗಂಟಲು ಕಾಯುತ್ತಿರುವವಳು,
ಸಂಬಳ ಕಡಿಮೆ ಎಂದಳು ಮೊದಲಿಗೇ,
ಬೇಸಿಗೆಗೆ ನೊಣ ಜಾಸ್ತಿ ಎಂದಳು, ಆಮೇಲೆ:
"ತಪ್ಪಾದರೆ ಮೊದಲು ಯಾರಿಗೆ ಹೇಳುತ್ತೀಯ?"
ಓದಿಕೊಂಡು ಬಂದ ಉತ್ತರಗಳಲ್ಲಿ ಒಂದನ್ನು ನಾನು ತಡಕುವಾಗ
ಫೋನು ಬಡಿದುಕೊಂಡಿತು.

ಆಚೆಯ ದನಿ ನನಗೂ ಕೇಳುತ್ತಿತ್ತು, ನನ್ನದೇ ವಯಸ್ಸಿನದು:
ಪಾರ್ಶ್ವವಾಯು ಬಡಿದ ಮುದುಕ, ನೀರು ಬೇಕೆಂದು ಹಟ,
ಕೆಮ್ಮು ಒದ್ದೆಯೋ ಒಣದೋ ತಿಳಿಯುತ್ತಿಲ್ಲ.
ತಿಳಿಯುತ್ತಿಲ್ಲ ಎಂದು ಎರಡು ಸಲ ಹೇಳಿದಳು,
ಒಮ್ಮೆಯೂ ದನಿ ತಗ್ಗಿಸದೆ.
"ಗುಟುಕೂ ಬೇಡ. ತುಟಿ ಒದ್ದೆ ಮಾಡು, ಸಾಕು. ಬಂದೆ, ಜೋಸಿ."
ಬಿಸ್ಕತ್ತಿನ ತಟ್ಟೆ ನನ್ನತ್ತ ತಳ್ಳಿ
ಗ್ಲೆನಿಸ್ ಹೊರಟೇಹೋದಳು,
ನನ್ನ ಅರ್ಜಿಯ ಮೇಲೆ ಕನ್ನಡಕ ಮರೆತು.

ಇಪ್ಪತ್ತು ನಿಮಿಷ.
ಕಿಟಕಿಯಾಚೆ ಕೊಲ್ಲಿಯ ನೀರು ಅಲುಗದೆ ಬಿದ್ದಿತ್ತು.
ಬಿಸ್ಕತ್ತು ಮೆತ್ತಗಾಗಿತ್ತು; ಎರಡು ತಿಂದೆ.
ನಾಲ್ಕು ವರ್ಷ ಓದಿದ ಚಾಳಿ, ನುಂಗುವಾಗ
ಗಂಟಲ ಮೇಲೆ ಬೆರಳಿಟ್ಟುಕೊಂಡೆ.
ಏರಿತು. ಇಳಿಯಿತು.
ಇಷ್ಟು ಚಿಕ್ಕ ಕೆಲಸ ಎಲ್ಲಿ ದಾರಿ ತಪ್ಪುತ್ತದೆಂದು
ನನ್ನ ಪುಸ್ತಕಕ್ಕೆ ಗೊತ್ತು.
ಬೆರಳಿಗೆ ಇನ್ನೂ ಗೊತ್ತಿಲ್ಲ.

ಮರಳಿದಳು, ತೋಳಿನ ಮೇಲೆ ಯಾರದೋ ಎಂಜಲ ಕಲೆ.
"ಕ್ಷಮಿಸು ಮಗೂ. ಎಲ್ಲಿಗೆ ಬಂದಿದ್ದೆವು?"
ತಪ್ಪಾದರೆ ಯಾರಿಗೆ, ಎಂಬಲ್ಲಿಗೆ.
ಅವಳು ಕನ್ನಡಕಕ್ಕಾಗಿ ಮೇಜೆಲ್ಲ ತಡವುತ್ತಿದ್ದಳು.
ಎತ್ತಿ ಕೈಗಿಟ್ಟೆ.
ಜೋಸಿಯ ಪಕ್ಕದ ಮೇಜು ಯಾರದೆಂದು ಕೇಳಿದೆ.