ಗಾಳಿ ಮೇಲಕ್ಕೇ ಹೋಗುತ್ತೆ

ಎಂಜಿನ್ ನಿನ್ನಿಷ್ಟ, ಬಣ್ಣ ನಿನ್ನಿಷ್ಟ,
ಬ್ರೇಕು ಮಾತ್ರ ನನ್ನಿಷ್ಟ ಅಂದಿದ್ದೆ.
ಸೋಹಾರದ ಅಪಘಾತದ ವಾರ್ಡಿನಲ್ಲಿ
ಹನ್ನೊಂದು ವರ್ಷ ನೈಟ್ ಮಾಡಿದವಳು
ಗಂಡನನ್ನು ಬೇರೇನು ಕೇಳಿಯಾಳು?

ಅವನ ಕಾರು ಅಂದರೆ
ಗುಜರಿಯ ಪಿಕಪ್ಪಿನ ಚಾಸಿ,
ಮರಳುಗಾಳಿ ತಿಂದು ಮಿಕ್ಕಿಸಿದ ಜೀಪಿನ ಬಾನೆಟ್ಟು,
ಬಾಗಿಲು ಒಂದೇ, ಆ ಕಡೆಯವರು ಹಾರಿ ಕೂರಬೇಕು.
ಬಾಡಿಗೆ ಮನೆಯ ತಗಡಿನ ಶೆಡ್ಡಿನಡಿ
ಮೂರು ಬೇಸಿಗೆಯಿಂದ ನಿಂತಿದೆ.
ಮನೆಯೊಡೆಯ ಖಲ್ಫಾನ್ ಒಂದು ಸುತ್ತು ಹಾಕಿ, ಗಡ್ಡ ನೀವಿ,
ಇದಕ್ಕೆ ಮುಲ್ಕಿಯಾ ಬರೆದುಕೊಡುವ ಗಂಡಸು
ಒಮಾನಿನಲ್ಲಿ ಇನ್ನೂ ಹುಟ್ಟಿಲ್ಲ ಅಂದ.
ಪಾಸ್ಕಲ್ ನಕ್ಕು ಅವನಿಗೂ ಚಹಾ ಕೊಟ್ಟ.

ಹಳೇ ಡ್ರಮ್ಮು ಬಿಚ್ಚಿದಾಗ ಒಳಗೆ
ಬೊಗಸೆ ತುಂಬ ಮರಳು, ಯಾರದೋ ಊರಿನದು.

ಡಿಸ್ಕನ್ನು ಮೊದಲು ಕೂರಿಸಿದ್ದು ರಟ್ಟಿನಲ್ಲಿ.
ನಾನು ತಂದ ಸಲೈನಿನ ಖಾಲಿ ಡಬ್ಬ,
ಅದರ ಮೇಲೆ ಪೆನ್ಸಿಲ್ಲು, ನನ್ನ ಬ್ಯಾಂಡೇಜಿನ ಕತ್ತರಿ,
ನಾಲ್ಕು ತೂತು, ಒಂದು ಅರ್ಧಚಂದ್ರ.
ಹಬ್ಬಿಗೆ ಹಿಡಿಯುವುದು, ಬಯ್ಯುವುದು, ಮತ್ತೆ ಕತ್ತರಿಸುವುದು.
ಏಳನೆಯದು ಕೂತಿತು.
ಮಗುವಿನ ಎಕ್ಸ್‌ರೇ ಹಿಡಿದವನ ಹಾಗೆ
ಅದನ್ನು ಎದೆಗವಚಿ ಸನಾಯಿಯಾಗೆ ಓಡಿದ.
ಲೇತಿನ ಮೊನಿರುಲ್ ಹತ್ತು ಮಿಲಿಮೀಟರಿನ ಪ್ಲೇಟಿನಲ್ಲಿ
ಅದನ್ನೇ ಕಡೆದುಕೊಟ್ಟ.
ಕೂದಲೆಳೆ ಹೆಚ್ಚಿತ್ತು. ಶನಿವಾರವಿಡೀ ಅರ ಹಾಕಿ ಉಜ್ಜಿದ.

ಶುಕ್ರವಾರ ಏಳೂವರೆಗೆ ಡ್ಯೂಟಿಯಿಂದ ಬಂದವಳನ್ನು
ಗೇಟಿನಲ್ಲೇ ತಡೆದ.
ಗಾಳಿ ತೆಗೆಯಬೇಕು, ಇದೊಂದು ಒಬ್ಬನಿಂದ ಆಗದ ಕೆಲಸ.
ಯೂನಿಫಾರ್ಮಿನಲ್ಲೇ ಹತ್ತಿ ಕೂತೆ, ಬರಿಗಾಲಲ್ಲಿ.
ಕಾರಿನಡಿಯಿಂದ ಅವನ ದನಿ:
ಒತ್ತು.
ಹಿಡಿ.
ಬಿಡು.
ದೂರದ ಚಕ್ರ ಮೊದಲು, ಹತ್ತಿರದ್ದು ಕೊನೆಗೆ.
ಒತ್ತು. ಹಿಡಿ. ಹಿಡಿ ಅಂದೆನಲ್ಲ. ಬಿಡು.

ಕನಕಪುರದ ಹೈಸ್ಕೂಲಿನಲ್ಲಿ ಇನ್ನಾಸಪ್ಪ ಮೇಷ್ಟ್ರು
ಬೆತ್ತ ಹಿಡಿದು ಹೇಳಿಸುತ್ತಿದ್ದರು:
ಮುಚ್ಚಿದ ಪಾತ್ರೆಯ ದ್ರವವನ್ನು ಎಲ್ಲಿ ಒತ್ತಿದರೂ
ಒತ್ತಡ ಎಲ್ಲ ದಿಕ್ಕಿಗೂ ಒಂದೇ ಸಮ.
ಆ ನಿಯಮಕ್ಕೆ ಇವನದೇ ಹೆಸರು.
ಮದುವೆಯ ಮಾತು ಬಂದಾಗ ಅದಕ್ಕೇ ನಕ್ಕಿದ್ದೆ,
ನಕ್ಕಿದ್ದನ್ನೇ ಅಮ್ಮ ಒಪ್ಪಿಗೆ ಅಂದುಕೊಂಡಳು.

ಎರಡು ಬಾಟಲಿ ಎಣ್ಣೆ ಮುಗಿಯಿತು.
ಪೆಡಲು ಇನ್ನೂ ಹಿಟ್ಟು ಬೇಯದ ಮುದ್ದೆಯ ಹಾಗೆ
ಕಾಲಡಿಯಲ್ಲಿ ಕುಸಿದು ನೆಲ ಮುಟ್ಟುತ್ತದೆ.
ತಗಡು ಕಾಯುತ್ತಿದೆ, ಅವನ ಬೆನ್ನಿಗೆ ಸಿಮೆಂಟಿನ ನೆಲ ಅಂಟಿದೆ,
ಮಾಸ್ಟರ್ ಸಿಲಿಂಡರೇ ಮೋಸ, ಮಾರಿದವನು ಕಳ್ಳ ಅನ್ನುತ್ತಾನೆ.
ಇಳಿದು ಮೊಬೈಲಿನ ಬೆಳಕು ಹಿಡಿದು
ಮುಂದಿನ ಚಕ್ರದ ಪಕ್ಕ ಮಂಡಿಯೂರಿದೆ.

ಡ್ರಿಪ್ ಹಾಕುವಾಗ ಕೊಳವೆಗೆ ಬೆರಳಲ್ಲಿ ತಟ್ಟುತ್ತೇವೆ,
ಗುಳ್ಳೆ ತಾನಾಗಿ ಮೇಲೇರುತ್ತದೆ,
ಏರದೆ ಎಲ್ಲಿಗೆ ಹೋದೀತು.
ಇಲ್ಲಿ ಗಾಳಿ ಬಿಡುವ ನಿಪ್ಪಲ್ಲು
ಕ್ಯಾಲಿಪರಿನ ತಳದಲ್ಲಿ ನೆಲ ನೋಡುತ್ತ ಕೂತಿದೆ.
ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದ್ದಾನೆ ಮಹಾರಾಯ.

ಗಾಳಿ ಮೇಲಕ್ಕೇ ಹೋಗುತ್ತೆ ಕಣೋ,
ನೀನು ಬಾಗಿಲನ್ನ ಪಾಯದಲ್ಲಿ ಇಟ್ಟಿದ್ದೀಯ.

ಕಾರಿನಡಿಯಲ್ಲಿ ತುಂಬ ಹೊತ್ತು ಸದ್ದಿಲ್ಲ.
ಆಮೇಲೆ ಒಂದು ಕೈ ಹೊರಬಂತು,
ಹದಿನಾಲ್ಕರ ಸ್ಪ್ಯಾನರ್ ಕೊಡು.

ಹನ್ನೊಂದಕ್ಕೆ ಪೆಡಲು ಕಲ್ಲು.
ಗೇಟಿನಿಂದ ಗೋಡೆಗೆ ಎಂಬತ್ತು ಅಡಿ,
ಈ ಕಾರಿಗೆ ಇರುವ ರಸ್ತೆ ಅಷ್ಟೇ.
ನೀನೇ ಓಡಿಸು ಅಂದು ಗೋಡೆಯ ಮುಂದೆ
ಕೈಕಟ್ಟಿ ನಿಂತ, ನಂಬಿಕೆ ತೋರಿಸುವವನಂತೆ.
ಇಂಥ ನಂಬಿಕೆಗಳಿಗೆ ಹೊಲಿಗೆ ಹಾಕಿ ಹಾಕಿ
ನನ್ನ ಬೆರಳು ದಡ್ಡುಗಟ್ಟಿದೆ.
ಪಕ್ಕಕ್ಕೆ ಸರಿ ಅಂದೆ,
ಅವನು ನಿಂತ ಜಾಗದಲ್ಲಿ ಸಲೈನಿನ ಡಬ್ಬ ಇಟ್ಟೆ.

ಡಬ್ಬಕ್ಕೆ ಒಂದು ಗೇಣು ಇರುವಾಗ ನಿಂತಿತು.
ನಾನೇ ನಿಂತಿರಬಹುದಿತ್ತು ಅಂತ
ಊಟದ ತನಕ ಗೊಣಗಿದ.

ಮಧ್ಯಾಹ್ನ ಎಸಿಯ ಕೆಳಗೆ ಸತ್ತಂತೆ ಮಲಗಿದ್ದೆನಂತೆ.
ಬಲಗಾಲು ಮಾತ್ರ ಅವನ ಕಣಕಾಲನ್ನು ಒತ್ತುತ್ತಿತ್ತಂತೆ,
ಹಿಡಿಯುತ್ತಿತ್ತಂತೆ.
ಬಿಡು ಅನ್ನಲಿಲ್ಲ ಅಂದ.