ಸುಣ್ಣದ ರೋಮು

ಕುಂತಿಬೆಟ್ಟದ ಬುಡದಲ್ಲಿ ರೋಮು ಎದ್ದದ್ದು
ಹದಿನೇಳು ದಿನದಲ್ಲಿ.
ಬೊಂಬು, ಗೋಣಿತಾಟು, ಪ್ಲಾಸ್ಟರು, ಮೊಳೆ.
ಬಳಿದವನು ನಾನು, ಪಾಂಡವಪುರದ ಬೋರ್ಡು ಬರೆಯೋ ಜವರ.
ಲಾರಿ ಹಿಂದೆ ಸೌಂಡ್ ಹಾರನ್ ಬರೆದ ಕೈಯಲ್ಲೇ
ಚಕ್ರವರ್ತಿಯ ಹುಬ್ಬು ತೀಡಿದೆ.

ತಪ್ಪು ಹಿಡಿಯಲೆಂದೇ ಸಂಬಳ ಕೊಟ್ಟು ಕರೆಸಿದ್ದರು
ಮೇಲುಕೋಟೆಯ ಸಂಪತ್ ಮೇಷ್ಟ್ರನ್ನ.
ಕಾಲೇಜಿನಲ್ಲಿ ಮೂವತ್ತು ವರ್ಷ
ಯಾರೂ ಕೇಳದ ರೋಮು ಪಾಠ ಮಾಡಿದವರು.
ಛತ್ರಿ, ಟಿಫನ್ ಕ್ಯಾರಿಯರ್, ಕೆಂಪು ಪೆನ್ನು.
ಮೊದಲ ದಿನವೇ ಹೇಳಿದರು: ರಿಕಾಪು ಬಿಚ್ಚಿ,
ಆಗಿನ್ನೂ ಅದು ಅವರ ಕಾಲಿಗೆ ಸಿಕ್ಕಿರಲಿಲ್ಲ.
ಬಿಚ್ಚಿದರು. ಸೇನಾಪತಿ ಬಿದ್ದ.
ಮಧ್ಯಾಹ್ನದ ಹೊತ್ತಿಗೆ ರಿಕಾಪು ವಾಪಸು ಬಂತು.

ಮೈಸೂರಿನ ಗರಡಿಯಿಂದ ದೊಡ್ಡತಮ್ಮಯ್ಯ ಬಂದಿದ್ದ,
ಮಟ್ಟಿಯ ಕೆಂಪು ಇನ್ನೂ ಕಿವಿಯ ಸಂದಿಯಲ್ಲಿತ್ತು.
ಕಣಕ್ಕಿಳಿದು ಕಾದುವ ಗುಲಾಮನ ಪಾರ್ಟಿಗೆ
ಹೊಟ್ಟೆ ಜಾಸ್ತಿಯಾಯಿತೆಂದು ಬೇಡವೆಂದರು.
ಮೇಷ್ಟ್ರು ಛತ್ರಿ ಮಡಚಿ ಅಡ್ಡ ಹಿಡಿದರು:
'ಸ್ವಾಮಿ, ಅವರು ತಿಂತಿದ್ದದ್ದು ಜವೆಗೋಧಿ, ಕಾಳು.
ಜವೆ ತಿನ್ನೋರು ಅಂತಲೇ ಜನ ಆಡಿಕೊಳ್ತಿದ್ದರು.
ಈ ಮನುಷ್ಯನ ಹೊಟ್ಟೆ ಇದೆಯಲ್ಲ, ಇದು ದಾಖಲೆ!'
ದೊಡ್ಡತಮ್ಮಯ್ಯ ತನ್ನ ದಾಖಲೆಯನ್ನೊಮ್ಮೆ ಸವರಿಕೊಂಡು
ಅವರೆಕಾಳು ಸಾರಲ್ಲಿ ಎರಡು ಮುದ್ದೆ ಮುಗಿಸಿ
ಆರು ಗಂಟೆಯ ಬಸ್ಸು ಹತ್ತಿದ.

ಬಣ್ಣದ ಜಗಳ ನನ್ನದೂ ಹೌದು.
ಇಪ್ಪತ್ತು ಪ್ರತಿಮೆ, ಎಲ್ಲಕ್ಕೂ ಬಿಳಿ ಎಂದರು.
ಮೇಷ್ಟ್ರು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು
ಗುಟ್ಟು ಹೇಳುವವರ ಹಾಗೆ ಹೇಳಿದರು:
'ಬಿಳಿ ಇರಲಿಲ್ಲ ಕಣೋ ಜವರ.
ತುಟಿಗೆ ಕೆಂಪು, ಕಣ್ಣಿಗೆ ಕಪ್ಪು, ಸೆರಗಿಗೆ ನೀಲಿ ಅಂಚು,
ನಿಮ್ಮೂರ ಪಟ್ಟಲದಮ್ಮನ ಹಾಗೇ.
ಮಳೆ ತೊಳೀತು, ಮಣ್ಣು ತಿಂತು. ಆಮೇಲೆ ಅಗೆದವರು
ಬೋಳು ಕಲ್ಲು ಕಂಡು ಅದನ್ನೇ ಚೆಂದ ಅಂದರು.'
ಬ್ರಷ್ಷು ಡಬ್ಬಿಯ ಮೇಲಿಟ್ಟು ಡೈರೆಕ್ಟರ ಮುಖ ನೋಡಿದೆ.
ಆತ ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿ ನಕ್ಕ:
'ನಿಜ ಇರಬಹುದು ಸಾರ್.
ನೋಡಿದವರು ಇದು ರೋಮೇ ಅಲ್ಲ ಅಂತಾರೆ.'
ಬಳಿದೆ. ಕೂಲಿ ದಿನಕ್ಕೆ ನಾನೂರು.

ಮಂಡ್ಯದ ಟಾಕೀಸಿನಲ್ಲಿ ಒಂಬತ್ತು ದಿನ ಓಡಿತು.
ಮೇಷ್ಟ್ರೂ ನಾನೂ ಬಾಲ್ಕನಿಯಲ್ಲಿ.
ಒಂದೊಂದು ತಪ್ಪಿಗೆ ಒಂದೊಂದು ಬೆರಳು ಮಡಿಸುತ್ತಿದ್ದರು,
ಇಂಟರ್ವಲ್ಲಿಗೆ ಮುಂಚೆಯೇ ಬೆರಳು ಸಾಲದೆ
ನನ್ನ ಕೈ ಎಳೆದುಕೊಂಡರು.
ಸೆನೆಟಿನ ಕಂಬಗಳ ಹಿಂದೆ
ಸಕ್ಕರೆ ಕಾರ್ಖಾನೆಯ ಚಿಮಣಿ, ಸಣ್ಣಗೆ ಹೊಗೆ.
ಗುಲಾಮರ ಸಾಲಿನಲ್ಲಿ ಚಿನಕುರಳಿಯ ನಿಂಗಾಜಮ್ಮ,
ಕೊರಳ ಕರಿಮಣಿ ತೆಗೆಯೋಲ್ಲ ಅಂದಿದ್ದಳು,
ತೆಗೆದಿರಲಿಲ್ಲ.
ಅದಕ್ಕೆ ಮಾತ್ರ ಮೇಷ್ಟ್ರು ಬೆರಳು ಮಡಿಸಲಿಲ್ಲ.

ಸೆಟ್ಟು ಕಿತ್ತರು. ಬೊಂಬು ಯಾರದೋ ಮದುವೆ ಚಪ್ಪರಕ್ಕೆ ಹೋಯಿತು.
ದೇವಿಯೊಬ್ಬಳು ಉಳಿದಳು, ಸಿಮೆಂಟಿನವಳು, ಎತ್ತಲಾಗದವಳು,
ಮೂಗು ಮುಕ್ಕಾಗಿ ಬಂಡೆಯ ಮರೆಯಲ್ಲಿ.
ಹೆಸರು ಮೇಷ್ಟ್ರು ಹೇಳಿದ್ದರು, ನನಗೆ ಮರೆತಿದೆ.

ಹೋದ ಶುಕ್ರವಾರ
ಕುರಿ ಕಾಯುವ ಹುಡುಗನ ಮಾತು ಕೇಳಿ ಹತ್ತಿ ನೋಡಿದೆ.
ಕೆನ್ನೆಗೆ ಅರಿಶಿನ. ಹಣೆ ತುಂಬ ಕುಂಕುಮ.
ಕಣ್ಣಿಗೆ ಯಾರೋ ಕಾಡಿಗೆ ತೀಡಿದ್ದಾರೆ,
ನನಗಿಂತ ಚೆನ್ನಾಗಿ.
ಹೆಗಲ ಮೇಲೆ ನೀಲಿ ಅಂಚಿನ ರವಿಕೆ ಕಣ,
ಕಾಲ ಬಳಿ ಒಡೆದ ಕಾಯಿ.

ಮೇಷ್ಟ್ರಿಗೆ ಫೋನು ಮಾಡಿದೆ. ಈಗ ಕಿವಿ ಮಂದ,
ಎರಡು ಸಲ ಕೂಗಿ ಹೇಳಬೇಕಾಯಿತು.
ಆ ಕಡೆ ತುಂಬ ಹೊತ್ತು ಸದ್ದಿಲ್ಲ.
ಆಮೇಲೆ ಕೇಳಿದರು:
'ತುಟಿಗೆ?'
'ಕುಂಕುಮವೇ ಇಳಿದಿದೆ ಸಾರ್, ಮಂಜಿಗೋ ಏನೋ.'
'ಸರಿ,' ಅಂದರು, ಹಾಜರಿ ಕರೆದು ಮುಗಿಸಿದ ದನಿಯಲ್ಲಿ,
'ಒರೆಸಬೇಡ.'