ಕುಗ್ಗುವಷ್ಟು ಬಿಟ್ಟು

ಜೂನಿನ ಮೊದಲ ಸೋಮವಾರ, ಕರೆಂಟು ಹೋದ ಹೊತ್ತಿನಲ್ಲಿ
ಕಟಿಂಗ್ ಮೇಜಿನ ಅಡಿಯಿಂದ ಎರಡು ಮೊಳ ಮಾರ್ಕರ್ ಕಾಗದ ಹರಿದುಕೊಂಡೆ.
ಯಾರೂ ಏನೂ ಅನ್ನಲಿಲ್ಲ.
ಲೆಕ್ಕ ಬರೆಯುವವಳಿಗೆ ಕಾಗದ ಯಾತಕ್ಕೆಂದು ಯಾರು ಕೇಳುತ್ತಾರೆ?

ಕೌಲ್ ಬಜಾರಿನ ಮಹಡಿ ಕೋಣೆಯ ಗೋಡೆಗೆ ಅದನ್ನು ಅಂಟಿಸಿ
ದರ್ಜಿ ಚಾಕಿನಲ್ಲಿ ಗೆರೆ ಎಳೆದೆ. ನವೆಂಬರ್ ಕೊನೆಯ ಭಾನುವಾರಕ್ಕೆ
ಇಪ್ಪತ್ತೈದು ವಾರ.
ನಾಲ್ಕೂವರೆಯಿಂದ ಆರೂವರೆ ಗಣಿತ, ಊಟದ ಬಿಡುವಿನಲ್ಲಿ ಇಪ್ಪತ್ತು ಪದ,
ರಾತ್ರಿ ಒಂಬತ್ತರ ಮೇಲೆ ಓದಿ ಅರ್ಥೈಸುವ ಇಂಗ್ಲಿಷ್ ಗದ್ಯ.
ಒಂದು ಚೌಕಕ್ಕೆ ಇನ್ನೊಂದು ಚೌಕ ತಾಗಿ
ಉಸಿರಾಡಲಿಕ್ಕೂ ಸಂದಿಲ್ಲದ ಹಾಗೆ.
ಚೆಂದ ಕಂಡಿತು. ಫೋಟೋ ತೆಗೆದುಕೊಂಡೆ.

ಕೋಚಿಂಗಿಗೆ ಹೈದರಾಬಾದಿನವರು ಹೇಳಿದ್ದು ನನ್ನ ಏಳು ತಿಂಗಳ ಸಂಬಳ.
ಸೆಕೆಂಡ್ ಹ್ಯಾಂಡ್ ಪುಸ್ತಕ ನೂರಾ ಎಂಬತ್ತು ರೂಪಾಯಿ.
ಒಳಹಾಳೆಯಲ್ಲಿ ಹೆಸರು: ಪ್ರವಲ್ಲಿಕಾ, ದುಂಡಗಿನ ಅಕ್ಷರ.
ಪುಟ ನೂರಾ ಹನ್ನೆರಡರವರೆಗೆ ಅವಳ ಪೆನ್ಸಿಲ್ ಗುರುತು.
ಆಮೇಲೆ ಪುಸ್ತಕ ಹೊಸದು.

ಕಾಗದವನ್ನು ಮಡಚಿ ಒಯ್ದು ದಸ್ತಗೀರ್ ಮಾಸ್ಟರಿಗೆ ತೋರಿಸಿದೆ,
ಹೊಗಳುತ್ತಾರೆಂದು.
ಮೂವತ್ತು ವರ್ಷ ಡೆನಿಮ್ ಕತ್ತರಿಸಿದ ಕೈ; ಉಗುರಿನ ಬುಡದ ನೀಲಿ
ಇನ್ನು ಹೋಗುವುದಿಲ್ಲ.
ಅಕ್ಷರ ಓದಲಿಲ್ಲ ಅವರು, ಚೌಕಗಳನ್ನು ಓದಿದರು.
‘ಬಟ್ಟಿ ಒಂದಿಂಚೂ ದಂಡ ಮಾಡಿಲ್ಲ, ಖರೆ.
ಆದ್ರ ಕುಗ್ಗೋದಕ್ಕ ಎಲ್ಲಿ ಬಿಟ್ಟೀದಿ ಅವ್ವಾ?
ಮೂವತ್ತೆರಡಕ್ಕ ಮೂವತ್ತೆರಡೇ ಕತ್ತರಿಸಿದ್ರ
ವಾಶಿಂಗಿನಿಂದ ಬರೋದು ಹುಡುಗರ ಪ್ಯಾಂಟು.’

ಮತ್ತೆ ಅವರೇ: ‘ಮೊದ್ಲು ಒಂದು ತುಂಡು ಒಗದು ನೋಡು. ಆಮ್ಯಾಲೆ ಅಳತಿ.’

ಒಂದು ವಾರವನ್ನು ಒಗೆದು ನೋಡಿದೆ.
ಬುಧವಾರ ಬೆಳಗಿನ ಐದಕ್ಕೆ ನಲ್ಲಿಯಲ್ಲಿ ನೀರು ಬಂತು, ಹನ್ನೊಂದು ದಿನದ ಮೇಲೆ;
ಗಣಿತ ಬಿಟ್ಟು ಕೊಡ ಹಿಡಿದೆ.
ಗುರುವಾರ ಜಿಪ್ ಕೂರದ ಇನ್ನೂರು ಪ್ಯಾಂಟು ಸೊಲ್ಲಾಪುರದಿಂದ ವಾಪಸ್.
ಶುಕ್ರವಾರ ಏನೂ ಆಗಲಿಲ್ಲ, ಸುಮ್ಮನೆ ನಿದ್ದೆ ಮಾಡಿದೆ.
ಇಪ್ಪತ್ತೆರಡು ಗಂಟೆ ಹಾಕಿದ್ದು ಹದಿಮೂರಾಗಿ ಹೊರಬಂತು.
ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ:
ಗಣಿತ ಅಷ್ಟಾಗಿ ಕುಗ್ಗುವುದಿಲ್ಲ, ಇಂಗ್ಲಿಷ್ ಅರ್ಧಕ್ಕರ್ಧ.
ಉದ್ದಕ್ಕೊಂದು, ಅಡ್ಡಕ್ಕೊಂದು, ಬಟ್ಟೆಯ ಹಾಗೆಯೇ.

ಗದ್ಯಗಳಾದರೂ ಎಂಥವು! ತಿಮಿಂಗಿಲದ ಕಿವಿ,
ಯಾವುದೋ ದೇಶದ ಗಡಿಯಾರ ಮಾಡುವವರ ಸಂಘ.
ಕೊನೆಯಲ್ಲಿ, ಲೇಖಕನ ಧೋರಣೆ ಏನು? ನಾಲ್ಕು ಉತ್ತರ.
ಕನ್ನಡದಲ್ಲಿ ಕಲಿತ ಕ್ರಮಯೋಜನೆ, ವಿಕಲ್ಪ, ಸಂಭವನೀಯತೆ
ಇಲ್ಲಿ ಬೇರೆ ಅಂಗಿ ಹಾಕಿಕೊಂಡು ಬಂದಾಗ
ಗುರುತು ಹಿಡಿಯಲು ಒಂದು ನಿಮಿಷ ಬೇಕು.
ಆ ಒಂದು ನಿಮಿಷವನ್ನು ಯಾರೂ ಕೊಡುವುದಿಲ್ಲ.

ಯಾಕೆ ಬೇಕು ಇದೆಲ್ಲ, ಅಂದಳು ನಮ್ಮಕ್ಕ ಗಿರಿಜಾ.
ದಾರ, ಗುಂಡಿ, ಜೇಬಿನ ಒಳಬಟ್ಟೆ, ಕಲ್ಲಿನ ವಾಶು, ಹೊಲಿಗೆ ಕೂಲಿ:
ಒಂದು ಪ್ಯಾಂಟಿನ ಬೆಲೆ ಪೈಸೆಗೆ ಪೈಸೆ ನನಗೆ ಗೊತ್ತು.
ಲೇಬಲ್ ಬಿದ್ದೊಡನೆ ಅದು ನಾಲ್ಕು ಪಟ್ಟಾಗುತ್ತದೆ.
ಆ ಗುಣಾಕಾರ ನಡೆಯುವ ಕೋಣೆ ಒಂದು ಎಲ್ಲೋ ಇರಬೇಕು.
ಅದರೊಳಗೆ ಒಮ್ಮೆ ಕೂತು ನೋಡಬೇಕು, ಅಂದೆ.
ಅವಳು ಒಲೆ ಸಣ್ಣ ಮಾಡಿದಳು, ಏನೂ ಅನ್ನಲಿಲ್ಲ.

ಈಗ ಗೋಡೆಯ ಮೇಲೆ ಹೊಸ ಕಾಗದ.
ದಸರೆ ಆರ್ಡರಿನ ಐದು ವಾರ ಖಾಲಿ ಬಿಟ್ಟಿದ್ದೇನೆ,
ಖಾಲಿ ಎಂದರೆ ತಪ್ಪಾದ ಲೆಕ್ಕಗಳನ್ನಷ್ಟೇ ಮತ್ತೆ ಮಾಡುವುದು.
ಚೌಕಗಳು ಕಡಿಮೆ. ನೋಡಲು ಅಷ್ಟು ಚೆಂದವಿಲ್ಲ.
ಫೋಟೋ ತೆಗೆದಿಲ್ಲ.

ನಿನ್ನೆ ಮೊದಲ ಅಣಕು ಪರೀಕ್ಷೆ. ಅಂಕ ಹೇಳುವುದಿಲ್ಲ.
ಮಾಸ್ಟರ್ ಕೇಳಿದರು, ‘ಎಷ್ಟು ಕುಗ್ತು?’
‘ಬಹಳ’ ಅಂದೆ. ತಲೆ ಆಡಿಸಿ ಕತ್ತರಿಗೆ ಎಣ್ಣೆ ಬಿಟ್ಟರು.

ಬೆಳಗಿನ ಜಾವ ನಾಲ್ಕೂ ನಲವತ್ತು.
ಪುಟ ನೂರಾ ಹದಿಮೂರು.
ಪೆನ್ಸಿಲ್ ಚೂಪು ಮಾಡುತ್ತಿದ್ದೇನೆ,
ಪ್ರವಲ್ಲಿಕಾ, ಇಲ್ಲಿಂದ ಕೈಬರಹ ಬೇರೆ.